ತಕ್ಕಡಿ ಅಜ್ಜಿಯ ಮರಣೋತ್ತರ ಕೊಡುಗೆ

ನಮ್ಮ ಸಂಗ್ರಹಾಲಯದಲ್ಲಿ ದಿವಂಗತ ದಾನಿಗಳಿಗೆ ಪ್ರವೇಶ ಉಚಿತವಾಗಿರುತ್ತದೆ. ಈ ನಿಯಮವನ್ನು ನನ್ನ ಟಿಕೆಟ್ ಕಿಟಕಿಯ ಪಕ್ಕದ ಗೋಡೆಯ ಮೇಲೆ, ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆಸಲಾಗಿದೆ. ನಾನು ಇದೇ ಕಿಟಕಿಯಲ್ಲಿ ಕೂತು ತಲೆ ನೆರೆಸಿಕೊಂಡವನು. ಇಷ್ಟು ವರ್ಷಗಳಲ್ಲಿ ಆ ಸೌಲಭ್ಯವನ್ನು ಒಬ್ಬರೇ ಒಬ್ಬರು ಬಳಸಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಕೊಟ್ಟ ಸವಲತ್ತು ಪಡೆದುಕೊಳ್ಳುವ ಬುದ್ಧಿ ಜನಕ್ಕಿಲ್ಲದಿದ್ದರೆ ಆಡಳಿತ ಏನು ತಾನೆ ಮಾಡೀತು ಎಂದು ನಾವೆಲ್ಲ ಕೈ ಚೆಲ್ಲಿ ಕೂತಿದ್ದೆವು. ಆ ಕೊರತೆಯನ್ನು ನೀಗಿಸಿದವರು ತಕ್ಕಡಿ ಅಜ್ಜಿ.

ತಕ್ಕಡಿ ಅಜ್ಜಿ ಎಂದರೆ ನಮ್ಮ ಊರಿನಲ್ಲಿ ಹೆರಿಗೆ ಮಾಡಿಸುತ್ತಿದ್ದ ದಾದಿ. ಊರಿನ ಅರ್ಧ ಜನ ಈ ಲೋಕಕ್ಕೆ ಬಂದದ್ದು ಅವರ ಕೈಮೇಲೆ. ಬಂದವರು ಮೊದಲು ಮಲಗಿದ್ದು ಅವರ ತಕ್ಕಡಿಯ ಮೇಲೆ. ಮೇಲೆ ಬಾಳೆಯ ದೊನ್ನೆಯ ಹಾಗೆ ಬಾಗಿದ ಹಿತ್ತಾಳೆ ತಟ್ಟೆ, ಕೆಳಗೆ ಗಡಿಯಾರದ ಮುಖದಂಥ ಬಿಲ್ಲೆ, ಅದರಲ್ಲೊಂದು ಮುಳ್ಳು. ಇಷ್ಟೇ ಆ ತಕ್ಕಡಿ. ನಮ್ಮ ನಿರ್ದೇಶಕರು ಆ ತಟ್ಟೆಯಲ್ಲಿ ಮಲಗಿ ಅತ್ತವರು. ನಾನೂ ಅತ್ತವನೇ, ಅವರಿಗಿಂತ ಕೊಂಚ ಮೊದಲು. ಅಜ್ಜಿ ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೂ ಎಳೆಮಕ್ಕಳ ತಾಯಂದಿರು ವಾರಕ್ಕೊಮ್ಮೆ ಅವರ ಮನೆಯ ಮುಂದಿನ ಕೋಣೆಗೆ ಬಂದು, ಮಗು ಮೈ ತುಂಬಿಕೊಳ್ಳುತ್ತಿದೆಯೋ ಇಲ್ಲವೋ ಎಂದು ತೂಗಿಸಿಕೊಂಡು ಹೋಗುತ್ತಿದ್ದರು.

ಅಜ್ಜಿ ಎಲ್ಲವನ್ನೂ ಮೊದಲೇ ಅಚ್ಚುಕಟ್ಟು ಮಾಡಿಡುವ ಪೈಕಿ. ತನ್ನ ನಂತರ ತಕ್ಕಡಿ ಸಂಗ್ರಹಾಲಯಕ್ಕೆ ಸೇರಬೇಕು ಎಂದು ಉಯಿಲು ಬರೆಸಿ, ಅದನ್ನು ತಿಳಿಸಲು ಖುದ್ದಾಗಿ ನನ್ನ ಕಿಟಕಿಗೆ ಬಂದರು.

"ನಾನು ಹೋದ್ಮೇಲೆ ನಿಮಗೆ ಸುದ್ದಿ ಮುಟ್ಟೋದು ತಡ ಆದ್ರೆ, ಹಳೇ ಸಾಮಾನಿನವನು ಬಂದು ತೂಕಕ್ಕೆ ಹಾಕ್ಕೊಂಡು ಹೋಗ್ಬಿಡ್ತಾನೆ ಕಣಪ್ಪ. ತಕ್ಕಡೀನೇ ಇನ್ನೊಂದು ತಕ್ಕಡೀಲಿ ಇಡೋದು ಮರ್ಯಾದೆ ಅಲ್ಲ," ಎಂದರು.

ನಾನು ಅವರಿಂದ ಟಿಕೆಟ್ ಹಣ ಪಡೆದು, ಮರಣೋತ್ತರ ಕೊಡುಗೆಗಳ ವಿಭಾಗಕ್ಕೆ ದಾರಿ ತೋರಿಸಿದೆ. ಹಣ ಏಕೆ ಎಂದು ಕೇಳಬೇಡಿ. ಆಗ ಅವರು ಇನ್ನೂ ಜೀವಂತ ಇದ್ದರು.

ಆ ವಿಭಾಗದ ಬಗ್ಗೆ ಎರಡು ಮಾತು ಹೇಳಬೇಕು. ಅದು ಮಹಡಿ ಮೆಟ್ಟಿಲ ಕೆಳಗಿನ ಕೋಣೆ. ಎತ್ತರದವರು ಬಗ್ಗಿ ಹೋಗಬೇಕು. ಅಲ್ಲಿರುವುದು ಒಬ್ಬರೇ ಅಧಿಕಾರಿ, ನಾವು ಅವರನ್ನು ನಂತರದ ಸಾಹೇಬರು ಎಂದು ಕರೆಯುತ್ತೇವೆ. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋಗುವವರಲ್ಲ. ಆದರೆ ಬಹಳ ಕಾಲದಿಂದ ಅವರ ವಿಭಾಗಕ್ಕೆ ಯಾರೂ ಏನನ್ನೂ ಬಿಟ್ಟು ಸತ್ತಿರಲಿಲ್ಲ. ಈ ವರ್ಷವೂ ಒಂದು ಕೊಡುಗೆ ಬರದಿದ್ದರೆ ವಿಭಾಗವನ್ನು ಮುಚ್ಚಿ, ಸಾಹೇಬರನ್ನು ಒಣಗಿಸಿದ ಹಕ್ಕಿಗಳ ಗೋದಾಮಿಗೆ ಕಳಿಸಲಾಗುವುದು ಎಂದು ಮೇಲಿನಿಂದ ಆಜ್ಞೆಯಾಗಿತ್ತು. ಸಾಹೇಬರಿಗೆ ಪುಕ್ಕ ಕಂಡರೆ ಸೀನು ಬರುತ್ತದೆ. ಆ ಆಜ್ಞೆ ಬಂದಂದಿನಿಂದ ಅವರು ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನು ಬಿಟ್ಟು ಬೇರೆ ಪುಟ ಓದುತ್ತಿರಲಿಲ್ಲ.

ಅಂಥವರ ಬಾಗಿಲಿಗೆ ಅಜ್ಜಿ ಬಂದು ನಿಂತಾಗ ಅವರಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಉಯಿಲನ್ನು ಎರಡೂ ಕೈಯಿಂದ ಇಸಿದುಕೊಂಡರು. ಆಮೇಲೆ ಬಹಳ ಸಂಕೋಚದಿಂದ ಕೇಳಿದರು:

"ಅಮ್ಮ, ಅಂದಾಜು ಯಾವಾಗ?"

"ಏನು ಯಾವಾಗ?"

"ತಪ್ಪು ತಿಳ್ಕೋಬೇಡಿ. ನಮ್ಮ ಲೆಕ್ಕದ ವರ್ಷ ಮುಗಿಯೋಕೆ ಕೆಲವೇ ತಿಂಗಳಿದೆ. ಅದರೊಳಗೆ ಆದ್ರೆ ಎಲ್ಲರಿಗೂ ಅನುಕೂಲ."

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಮೊಮ್ಮಗಳು ಬಸುರಿ ಕಣಪ್ಪ. ಅವಳ ಮಗೂನ ಒಂದು ಸಲ ಆ ತಟ್ಟೇಲಿ ಮಲಗಿಸಿ ಮುಳ್ಳು ನೋಡ್ಬೇಕು. ಅದಾದ್ಮೇಲೆ ನಿನ್ನ ಅನುಕೂಲ ನೋಡೋಣ," ಎಂದರು.

ಈ ಮಾತು ಬರೀ ಆಸೆಯ ಮಾತಾಗಿರಲಿಲ್ಲ. ಆ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು, ಅಂಗೈಯಗಲದ ಕೂಸು. ಉಳಿಯುವುದಿಲ್ಲ ಎಂದು ಎಲ್ಲರೂ ಆಸೆ ಬಿಟ್ಟಿದ್ದರಂತೆ. ಅಜ್ಜಿ ಮಾತ್ರ ಪ್ರತಿದಿನ ಬೆಳಗ್ಗೆ ಅವಳನ್ನು ತಟ್ಟೆಯಲ್ಲಿ ಮಲಗಿಸಿ, ಉಸಿರು ಬಿಗಿಹಿಡಿದು ಮುಳ್ಳನ್ನು ನೋಡುತ್ತಿದ್ದರು. ಮುಳ್ಳು ಕೂದಲೆಳೆಯಷ್ಟು ಮುಂದೆ ಹೋದ ದಿನ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಹೋಗದ ದಿನ ಯಾರಿಗೂ ಊಟ ಸೇರುತ್ತಿರಲಿಲ್ಲ. ಹೀಗೆ ಉಳಿದವಳು ಈಗ ತಾಯಿಯಾಗಲಿದ್ದಳು. ತನ್ನ ಮಗುವೂ ತನ್ನ ಹಾಗೆಯೇ ಆದರೆ ಎಂದು ಅವಳು ಹೆದರಿಕೊಂಡಿದ್ದಳು. ಅಜ್ಜಿಗೂ ಒಳಗೊಳಗೇ ಅದೇ ಹೆದರಿಕೆ, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ನಂತರದ ಸಾಹೇಬರು ಕಾಯಲು ಒಪ್ಪಿದರು. ಆದರೆ ಉಯಿಲಿನಲ್ಲಿ ಬರೆದ ವಸ್ತುವನ್ನು ಮುಂಚಿತವಾಗಿ ತಪಾಸಣೆ ಮಾಡುವುದು ನಿಯಮ. ಹಾಗಾಗಿ ಒಂದು ಬೆಳಗ್ಗೆ ಅವರೂ ನಮ್ಮ ಸಂರಕ್ಷಣಾಧಿಕಾರಿ ಮೇಡಂ ಅವರೂ ಅಜ್ಜಿಯ ಮನೆಗೆ ಹೋದರು. ಮೇಡಂ ಬಿಳಿ ಕೈಗವಸು ಹಾಕಿಕೊಳ್ಳದೆ ಬಾಗಿಲ ಚಿಲಕವನ್ನೂ ಮುಟ್ಟದವರು. ಇವರು ಒಳಗೆ ಕಾಲಿಟ್ಟ ಹೊತ್ತಿಗೆ ಸರಿಯಾಗಿ ಕ್ಷೌರದಂಗಡಿಯವನ ಹೆಂಡತಿ ತನ್ನ ಕೂಸನ್ನು ತಟ್ಟೆಯಲ್ಲಿ ಮಲಗಿಸಿದ್ದಳು. ಕೂಸು ಮೇಡಂ ಮುಖವನ್ನೇ ನೋಡುತ್ತಾ, ನೆಮ್ಮದಿಯಾಗಿ ಉಚ್ಚೆ ಹೊಯ್ದಿತು.

ಮೇಡಂ ಗೋಡೆ ಹಿಡಿದುಕೊಂಡರು. "ಇದು ಪ್ರತಿ ಸಲವೂ ಹೀಗೇ ಮಾಡುತ್ತಾ?"

"ಇದೊಂದೇ ಅಲ್ಲ, ಎಲ್ಲವೂ ಮಾಡ್ತವೆ," ಎಂದರು ಅಜ್ಜಿ. "ಹಿತ್ತಾಳೆ ತಣ್ಣಗಿರುತ್ತಲ್ಲ. ನಿಮ್ಮ ನಿರ್ದೇಶಕರು ಎರಡು ಸಲ ಮಾಡಿದ್ರು."

ಅದೇ ಸಂಜೆ ವರದಿ ಸಿದ್ಧವಾಯಿತು. ಅದರ ಸಾರಾಂಶ ಹೀಗಿದೆ: ಸಂಗ್ರಹಾಲಯಕ್ಕೆ ಮುಂದೊಂದು ದಿನ ಸೇರಲಿರುವ ಪ್ರಾಚೀನ ವಸ್ತುವು ಶಿಶುಗಳಿಂದ ಗಂಭೀರ ಅಪಾಯ ಎದುರಿಸುತ್ತಿದೆ, ಸದರಿ ಶಿಶುಗಳು ಸಂಘಟಿತರಲ್ಲವಾದರೂ ದಾಳಿ ನಿರಂತರವಾಗಿದೆ, ಆದ್ದರಿಂದ ವಸ್ತುವನ್ನು ತಕ್ಷಣ ಮುನ್ನೆಚ್ಚರಿಕೆಯ ವಶಕ್ಕೆ ಪಡೆಯತಕ್ಕದ್ದು. ನಿರ್ದೇಶಕರು, ತಮ್ಮ ಹೆಸರಿದ್ದ ಸಾಲನ್ನು ಹೊಡೆದು ಹಾಕಿ, ಸಹಿ ಮಾಡಿದರು. ಮಾರನೆಯ ದಿನ ತಕ್ಕಡಿ ಹತ್ತಿಯಲ್ಲಿ ಸುತ್ತಿಕೊಂಡು ಬಂದು ಎರಡನೆಯ ಮೊಗಸಾಲೆಯ ಗಾಜಿನ ಪೆಟ್ಟಿಗೆಯೊಳಗೆ ಕೂತಿತು. ಮೊಮ್ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು.

ಪೆಟ್ಟಿಗೆಯ ಮುಂದಿನ ಫಲಕದಲ್ಲಿ ಅಜ್ಜಿಯ ಪೂರ್ಣ ಹೆಸರಿನ ಹಿಂದೆ "ದಿವಂಗತ" ಎಂದು ಕೆತ್ತಲಾಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಮರಣೋತ್ತರ ವಿಭಾಗದ ಫಲಕಗಳನ್ನು ಹಿಂದೊಮ್ಮೆ ಸಗಟಾಗಿ ಮಾಡಿಸಿಟ್ಟಿದ್ದರು. ಆ ಪದ ಎಲ್ಲದರ ಮೇಲೂ ಮೊದಲೇ ಇರುತ್ತದೆ, ಹೆಸರೊಂದನ್ನು ಸೇರಿಸಿದರಾಯಿತು.

ಅಜ್ಜಿ ಬಂದು ಫಲಕ ಓದಿದರು. ಓದಿ, ನಂತರದ ಸಾಹೇಬರನ್ನು ಕರೆಸಿದರು.

"ಇದೇನಪ್ಪ ಇದು? ನಾನಿನ್ನೂ ಇದೀನಲ್ಲ."

"ಸದ್ಯಕ್ಕೆ ಒಂದು ಸಣ್ಣ ವ್ಯತ್ಯಾಸ ಇದೆ ಅಮ್ಮ, ಒಪ್ಪುತ್ತೀನಿ," ಎಂದರು ಸಾಹೇಬರು. "ಆದ್ರೆ ತಿದ್ದಿಸೋಕೆ ಹೋದ್ರೆ ವರ್ಷಗಟ್ಟಲೆ ಹಿಡಿಯುತ್ತೆ. ಹಾಗೇ ಬಿಟ್ರೆ ತಾನಾಗೇ ಸರಿಹೋಗುತ್ತೆ."

ಅಜ್ಜಿ ಫಲಕವನ್ನು ಇನ್ನೊಮ್ಮೆ ಓದಿದರು. ಹೊರಗೆ ಹೋಗುವಾಗ ನನ್ನ ಕಿಟಕಿಯ ಪಕ್ಕದ ಗೋಡೆಯ ಮುಂದೆ ನಿಂತು ದಪ್ಪ ಅಕ್ಷರದ ನಿಯಮವನ್ನು ಓದಿಕೊಂಡರು. ಮರುದಿನ ಬಂದಾಗ ಪರ್ಸ್ ತೆಗೆಯಲಿಲ್ಲ. "ನಾನು ದಿವಂಗತರ ಪೈಕಿ. ಬೇಕಾದ್ರೆ ಒಳಗೆ ಫಲಕ ನೋಡ್ಕೊಂಡು ಬಾ," ಎಂದರು. ನಾನು ನೋಡಿಕೊಂಡು ಬಂದೆ. ದಾಖಲೆ ಸರಿಯಾಗಿತ್ತು. ಉಚಿತ ಪ್ರವೇಶದ ಪುಸ್ತಕದಲ್ಲಿ ಅವರ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟೆ. ಆ ಪುಸ್ತಕದ ಮೊದಲ ಸಹಿ ಅದು, ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಅಂದಿನಿಂದ ಅಜ್ಜಿ ದಿನಾ ಬರತೊಡಗಿದರು. ಗಾಜಿನ ಮುಂದೆ ನಿಂತು ಮುಳ್ಳನ್ನು ನೋಡುತ್ತಿದ್ದರು. ಸೊನ್ನೆಯ ಮೇಲೆ ನಿಂತ ಮುಳ್ಳು ಅಲ್ಲಾಡುತ್ತಿರಲಿಲ್ಲ. ಒಂದು ದಿನದ ಮಟ್ಟಿಗೆ ತಕ್ಕಡಿ ಮನೆಗೆ ಕೊಡಿ, ಮಗುವನ್ನು ತೂಗಿ ವಾಪಸು ತಂದುಕೊಡುತ್ತೇನೆ ಎಂದು ಸಾಹೇಬರನ್ನು ಕೇಳಿದರು. ವಸ್ತುವನ್ನು ಎರವಲು ಕೊಡಬಹುದು, ಆದರೆ ಇನ್ನೊಂದು ಸಂಗ್ರಹಾಲಯಕ್ಕೆ ಮಾತ್ರ ಎಂದರು ಸಾಹೇಬರು. "ನಮ್ಮನೇನೂ ಹಾಗೇ ಇದೆ. ಎಲ್ಲಾ ಹಳೇ ಸಾಮಾನೇ, ನೋಡೋಕೆ ಯಾರೂ ಬರಲ್ಲ," ಎಂದರು ಅಜ್ಜಿ. ಸಾಹೇಬರು ಈ ವಾದವನ್ನು ಗಂಭೀರವಾಗಿ ಪರಿಶೀಲಿಸಿದರು. ಮನೆಯಲ್ಲಿ ಸಂದರ್ಶಕರ ಪಾದರಕ್ಷೆ ಇಡುವ ಕಪಾಟು ಇಲ್ಲದ ಕಾರಣಕ್ಕೆ ತಿರಸ್ಕರಿಸಬೇಕಾಯಿತು.

ಆ ದಿನ ಅಜ್ಜಿ ನನ್ನ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. "ಅವಳು ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಕಣೋ," ಎಂದರು. "ಆಸ್ಪತ್ರೆ ಯಂತ್ರ ಏನು ಹೇಳಿದ್ರೂ ನಂಬಲ್ಲ, ನನ್ನನ್ನ ಉಳಿಸಿದ ತಕ್ಕಡಿ ಹೇಳಿದ್ರೆ ನಂಬ್ತೀನಿ ಅಂತಾಳೆ. ಹುಚ್ಚು ಅಂತ ಬೈದೆ. ಬೈದು ನಾನೂ ಒಳಗೆ ಹೋಗಿ ಅತ್ತೆ." ಟಿಕೆಟ್ ಕಿಟಕಿಯಲ್ಲಿ ಕೂತವನು ಸಾಂತ್ವನ ಹೇಳಬಹುದೇ ಎಂಬ ಬಗ್ಗೆ ಸ್ಪಷ್ಟ ಆದೇಶ ಇಲ್ಲ. ನನ್ನ ಫ್ಲಾಸ್ಕಿನ ಚಹಾದಲ್ಲಿ ಅರ್ಧ ಕೊಟ್ಟೆ.

ಆಗ ಒದಗಿಬಂದದ್ದು ನಮ್ಮ ನಿಯಮಾವಳಿ. ನಿಯಮಾವಳಿಯನ್ನು ಬೈಯುವವರು ಇದನ್ನು ಗಮನಿಸಬೇಕು. ಸಂಗ್ರಹಕ್ಕೆ ಸೇರಿದ ಯಾವುದೇ ಅಳತೆಯ ಉಪಕರಣವು ಸುಸ್ಥಿತಿಯಲ್ಲಿದೆಯೇ ಎಂದು, ತೂಕ ಗೊತ್ತಿರುವ ವಸ್ತುವೊಂದನ್ನು ಇಟ್ಟು ಅದೇ ವರ್ಷ ಪರೀಕ್ಷಿಸತಕ್ಕದ್ದು. ಪರೀಕ್ಷೆಯಾಗದ ವಸ್ತುವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಇದನ್ನು ಓದಿದಾಗ ಸಾಹೇಬರಿಗೆ ಹಕ್ಕಿಗಳ ಗೋದಾಮು ನೆನಪಾಗಿ ಅಲ್ಲೇ ಸೀನು ಬಂತು. ತೂಕದ ಬಟ್ಟುಗಳು ನಮ್ಮಲ್ಲೇ ರಾಶಿ ಇವೆ. ಆದರೆ ಅವೂ ಪ್ರದರ್ಶನದ ವಸ್ತುಗಳು, ಪಕ್ಕದ ಮೊಗಸಾಲೆಯವು. ಒಂದು ಪ್ರದರ್ಶನ ವಸ್ತು ಇನ್ನೊಂದನ್ನು ಮುಟ್ಟುವಂತಿಲ್ಲ. ಜೊತೆಗೆ ಹಿತ್ತಾಳೆಗೆ ಗೀರು ಬೀಳಬಾರದು ಎಂದು ಮೇಡಂ ಪಟ್ಟು ಹಿಡಿದರು. ಕೊನೆಗೆ ಮುಂಬಾಗಿಲಲ್ಲಿ ಪ್ರಕಟಣೆ ಹಚ್ಚಲಾಯಿತು:

"ಸಾರ್ವಜನಿಕರ ಗಮನಕ್ಕೆ. ಸಂಗ್ರಹಾಲಯಕ್ಕೆ ತುರ್ತಾಗಿ ಒಂದು ಪರೀಕ್ಷಾ ತೂಕ ಬೇಕಾಗಿದೆ. ವಸ್ತುವು ಮೃದುವಾಗಿರತಕ್ಕದ್ದು. ಮೂಲೆ ಮೊನೆ ಇರತಕ್ಕದ್ದಲ್ಲ. ತಟ್ಟೆಯ ಬಾಗಿಗೆ ಒಗ್ಗಿಕೊಳ್ಳತಕ್ಕದ್ದು. ತೂಕದ ಬಗ್ಗೆ ಮಾನ್ಯ ಸಂಸ್ಥೆಯ ಚೀಟಿ ಇರತಕ್ಕದ್ದು. ಪರೀಕ್ಷೆಯ ನಂತರ ವಸ್ತುವನ್ನು ಇಟ್ಟುಕೊಳ್ಳಲು ನಮ್ಮಲ್ಲಿ ಸ್ಥಳವಿರುವುದಿಲ್ಲ."

ಮೂರು ಅರ್ಜಿಗಳು ಬಂದವು. ಕಾವಲುಗಾರ ಒಂದು ಮರಳಿನ ಚೀಲ ತಂದ. ಅದು ನಿರ್ದೇಶಕರ ಮೇಜಿನ ಮೇಲೆ ಸೋರಿ ಅನರ್ಹವಾಯಿತು. ತರಕಾರಿಯವನು ಕುಂಬಳಕಾಯಿ ತಂದ. ಅದಕ್ಕೆ ತೊಟ್ಟಿನ ಹತ್ತಿರ ಮೊನೆ ಇತ್ತು. ಮೂರನೆಯ ಅರ್ಜಿದಾರಳು ಅಜ್ಜಿಯ ಮೊಮ್ಮಗಳು. ಅಜ್ಜಿ ತಾವೇ ಅರ್ಜಿ ಹಾಕಲು ಹೋಗಿದ್ದರು. ದಿವಂಗತರ ಅರ್ಜಿ ಸ್ವೀಕರಿಸಲು ಬರುವುದಿಲ್ಲ, ವಾರಸುದಾರರು ಹಾಕಬಹುದು ಎಂದು ಸಾಹೇಬರೇ ದಾರಿ ಹೇಳಿಕೊಟ್ಟರು.

ನಿರ್ದೇಶಕರು ಅರ್ಜಿಯನ್ನು ಓದಿ ಕನ್ನಡಕ ತೆಗೆದರು. "ವಸ್ತು ಎಲ್ಲಿದೆ?"

ಮೊಮ್ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇಲ್ಲೇ ಇದೆ ಸಾರ್," ಎಂದಳು.

"ಪೂರೈಕೆ ಯಾವಾಗ?"

"ಮುಂದಿನ ತಿಂಗಳು ಅಂತಾರೆ."

"ತಡ ಆಗಬಾರದು. ಮೃದುವಾಗಿರುತ್ತಾ?"

"ಇರುತ್ತೆ," ಎಂದರು ಹಿಂದೆ ನಿಂತಿದ್ದ ಅಜ್ಜಿ. "ನೀನೂ ಇದ್ದೆ."

ಅರ್ಜಿ ಮಂಜೂರಾಯಿತು. ಮೇಡಂ ಒಬ್ಬರೇ ಆಕ್ಷೇಪಿಸಿದರು, ಆ ಹಿಂದಿನ ಘಟನೆಯನ್ನು ನೆನಪಿಸಿ. ಅದಕ್ಕೆ ನಿರ್ದೇಶಕರು, ತೂಕದಲ್ಲಿ ಸ್ವಲ್ಪ ಸೋರಿಕೆಗೆ ನಿಯಮದಲ್ಲಿ ಅವಕಾಶವಿದೆ ಎಂದು ಷರಾ ಬರೆದರು.

ಮಗು ತಡ ಮಾಡಲಿಲ್ಲ, ಬದಲಿಗೆ ಅವಸರ ಮಾಡಿತು. ಹೆಣ್ಣು ಮಗು, ಹೇಳಿದ ದಿನಕ್ಕಿಂತ ಮುಂಚೆಯೇ ಬಂತು, ತಾಯಿ ಹೆದರಿದ್ದ ಹಾಗೆಯೇ ಸಣ್ಣದು. ಆಸ್ಪತ್ರೆಯವರು, ಏನೂ ತೊಂದರೆಯಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ತೂಕದ ಚೀಟಿ ಬರೆದುಕೊಟ್ಟರು. ತಾಯಿ ಮನೆಗೆ ಹೋಗಲಿಲ್ಲ. ನೇರ ನನ್ನ ಕಿಟಕಿಗೆ ಬಂದಳು, ಮಗುವನ್ನು ಎದೆಗೆ ಅವುಚಿಕೊಂಡು. ಪಕ್ಕದಲ್ಲಿ ಅಜ್ಜಿ. ದಿವಂಗತರು ಒಬ್ಬರು, ವಾರಸುದಾರರು ಒಬ್ಬರು ಎಂದು ಬರೆದು ಇಬ್ಬರ ಸಹಿ ಪಡೆದೆ. ಮಗುವಿಗೆ ಟಿಕೆಟ್ ಇಲ್ಲ, ಸಹಿ ಮಾಡುವ ಸ್ಥಿತಿಯಲ್ಲೂ ಅದು ಇರಲಿಲ್ಲ, ಆದ್ದರಿಂದ ಹಾಗೆಯೇ ಬಿಟ್ಟೆ. ಮುಂದಿನ ತೊಡಕಿಗೆಲ್ಲ ಇದೇ ಮೂಲವಾಯಿತು.

ಗಾಜಿನ ಪೆಟ್ಟಿಗೆ ತೆರೆದರು. ನಿರ್ದೇಶಕರು, ಸಾಹೇಬರು, ಮೇಡಂ ಸಾಲಾಗಿ ನಿಂತರು. ನಾನು ಕಿಟಕಿಗೆ ಬೀಗ ಹಾಕಿ ಹೋಗಿ ನಿಂತೆ, ಯಾರೂ ಕೇಳಲಿಲ್ಲ. ಮಗುವಿನ ಕಾಲಿಗೆ "ಪರೀಕ್ಷಾ ತೂಕ, ಒಂದು" ಎಂಬ ಚೀಟಿ ಕಟ್ಟಲಾಯಿತು. ಅಜ್ಜಿ ತಟ್ಟೆಯನ್ನು ತಮ್ಮ ಅಂಗೈಯಿಂದ ಉಜ್ಜಿ ಬೆಚ್ಚಗೆ ಮಾಡಿದರು. ಮೇಡಂ ಅದನ್ನು ನೋಡಿಯೂ ಸುಮ್ಮನಿದ್ದರು. ಅಜ್ಜಿ ಮಗುವನ್ನು ಮಲಗಿಸಿ ಕೈ ತೆಗೆದರು.

ಮುಳ್ಳು ನಡುಗಿತು, ಮುಂದೆ ಹೋಯಿತು, ಹಿಂದೆ ಬಂತು. ಮೊಮ್ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಕೊನೆಗೆ ಅದು ಒಂದು ಕಡೆ ನಿಂತಾಗ ಅಜ್ಜಿ ಬಗ್ಗಿ ನೋಡಿದರು, ನೋಡುತ್ತಲೇ ಇದ್ದರು.

"ಕಣ್ಣು ಬಿಡೇ," ಎಂದರು. "ನೀನು ಇದರ ಅರ್ಧ ಇದ್ದೆ. ಅರ್ಧ ಇದ್ದವಳೇ ಇಷ್ಟುದ್ದ ಬೆಳೆದಿಲ್ವಾ?"

ಮೊಮ್ಮಗಳು ಅತ್ತುಬಿಟ್ಟಳು. ಅಷ್ಟು ತಿಂಗಳ ಹೆದರಿಕೆಯೆಲ್ಲ ಒಟ್ಟಿಗೆ ಹೊರಬಂತು. ಸುಳ್ಳೇಕೆ, ನನಗೂ ಕಣ್ಣು ಮಂಜಾಯಿತು. ಸಾಹೇಬರು ಆಸ್ಪತ್ರೆಯ ಚೀಟಿಯೊಂದಿಗೆ ಮುಳ್ಳನ್ನು ತಾಳೆ ನೋಡಿ, "ಉಪಕರಣ ಸುಸ್ಥಿತಿಯಲ್ಲಿದೆ," ಎಂದು ದಪ್ಪ ಧ್ವನಿಯಲ್ಲಿ ಓದಿದರು. ಅದೇ ಕ್ಷಣ ಮಗು ತಟ್ಟೆಯನ್ನು ಒದ್ದೆ ಮಾಡಿತು. ಮೇಡಂ ಗವಸು ತೆಗೆದು ಜೇಬಿಗಿಟ್ಟು, ತಮ್ಮ ಕರವಸ್ತ್ರದಿಂದ ತಾವೇ ಒರೆಸಿದರು.

ಹೊರಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ. ಕಾಲಿಗೆ ಸಂಗ್ರಹಾಲಯದ ಚೀಟಿ ಇರುವ ವಸ್ತುವನ್ನು ಅವನು ಹೊರಗೆ ಬಿಡುವಂತಿಲ್ಲ. ಇದು ಹೊರಗಿನಿಂದ ಬಂದದ್ದು ಎಂದಳು ತಾಯಿ. ಬಂದದ್ದಕ್ಕೆ ಟಿಕೆಟ್ ಎಲ್ಲಿ, ಸಹಿ ಎಲ್ಲಿ ಎಂದ ಅವನು. ಎರಡೂ ಇರಲಿಲ್ಲ. ಹೊರಗಿನಿಂದ ಬಂದದ್ದಕ್ಕೆ ಪುರಾವೆಯಿಲ್ಲದೆ ಒಳಗೆ ಕಂಡುಬಂದ ಯಾವುದೇ ವಸ್ತು ಸಂಗ್ರಹಾಲಯದ ಆಸ್ತಿ ಎಂಬುದು ನಮ್ಮಲ್ಲಿ ಅತ್ಯಂತ ಹಳೆಯ ನಿಯಮ. ಅರ್ಧ ಸಂಗ್ರಹ ಅದರಿಂದಲೇ ಆದದ್ದು. ಕಾವಲುಗಾರ ತನ್ನ ಕೆಲಸ ಮಾಡಿದ, ಅವನನ್ನು ದೂರುವ ಹಾಗಿಲ್ಲ.

ನಿರ್ದೇಶಕರು ಬಂದು ಪರಿಸ್ಥಿತಿಯನ್ನು ಅರಿತುಕೊಂಡರು. ಮಗು ಹಸಿದು ಕಿರುಚುತ್ತಿತ್ತು. ಅವರು ನಿಂತಲ್ಲೇ ತೀರ್ಮಾನ ಕೊಟ್ಟರು: ಮಗು ಸಂಗ್ರಹಾಲಯದ ಆಸ್ತಿ ಹೌದು, ಆದರೆ ಅದನ್ನು ತಾಯಿಗೆ ದೀರ್ಘಾವಧಿ ಎರವಲಾಗಿ ಕೊಡಬಹುದು, ವಸ್ತುವಿನ ಸ್ಥಿತಿ ತಿಳಿಯಲು ವಾರಕ್ಕೊಮ್ಮೆ ತಂದು ತೂಗಿಸತಕ್ಕದ್ದು.

"ವಾರಕ್ಕೊಮ್ಮೆ ಇದೇ ತಕ್ಕಡೀಲಾ?" ಎಂದಳು ತಾಯಿ.

"ನಿಯಮ ಅಂದ್ರೆ ನಿಯಮ," ಎಂದರು ನಿರ್ದೇಶಕರು.

ಅಜ್ಜಿ, ಇಂಥ ಕಠಿಣ ನಿಯಮ ಎಲ್ಲೂ ಕಂಡಿಲ್ಲ ಎಂದು ಗೊಣಗುತ್ತಾ, ಸಹಿ ಮಾಡಬೇಕಾದ ಜಾಗ ಎಲ್ಲಿದೆ ಎಂದು ಕೇಳಿದರು.

ಆಮೇಲಿನದೆಲ್ಲ ಸರಾಗವಾಗಿ ನಡೆಯಿತು. ಮುಂದಿನ ವಾರ ಮಗು ತೂಕ ಏರಿಸಿಕೊಂಡು ಬಂತು. ಆಸ್ಪತ್ರೆಯ ಚೀಟಿಗೆ ಅದು ಹೊಂದಲಿಲ್ಲವಾದ್ದರಿಂದ ಪರೀಕ್ಷಾ ತೂಕವೆನ್ನಲು ಬಾರದಾಯಿತು. ವಾರದ ತೂಕಕ್ಕೂ ತಕ್ಕಡಿ ಸರಿಯಿದೆಯೆಂದು ರುಜುವಾಗಬೇಕಾದ್ದರಿಂದ ಹೊಸದೊಂದು ಬೇಕಾಯಿತು. ಕ್ಷೌರದಂಗಡಿಯವನ ಹೆಂಡತಿಯ ತಂಗಿ ಆ ವಾರವೇ ಹೆತ್ತಿದ್ದಳು. ಅವಳ ಮಗುವೂ ಬೆಳೆಯಿತು. ಮಕ್ಕಳ ಮೇಲೆ ನಮ್ಮ ಹಿಡಿತ ಅಷ್ಟರಲ್ಲೇ ಇದೆ. ಹೀಗೆ ಊರಿನ ಎಳೆಮಕ್ಕಳೆಲ್ಲ ಒಂದೊಂದಾಗಿ ಸಂಗ್ರಹಕ್ಕೆ ಸೇರಿ, ಎರವಲಾಗಿ ಮನೆಗೆ ಹೋದವು. ತೂಕದ ದಿನವಾದ ಬುಧವಾರ ಎರಡನೆಯ ಮೊಗಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಈ ವರ್ಷದ ವರದಿಯ ಪ್ರಕಾರ ಅತಿ ಹೆಚ್ಚು ಹೊಸ ವಸ್ತುಗಳು ಬಂದದ್ದು ಮರಣೋತ್ತರ ವಿಭಾಗಕ್ಕೆ. ನಂತರದ ಸಾಹೇಬರಿಗೆ ಬಡ್ತಿಯಾಗಿ ಮೆಟ್ಟಿಲ ಮೇಲಿನ ಕೋಣೆ ಸಿಕ್ಕಿದೆ. ನನ್ನ ಮಗಳ ಮಗನೂ ಸಂಗ್ರಹದಲ್ಲಿದ್ದಾನೆ, ಒಳ್ಳೆಯ ಸಂಖ್ಯೆಯೇ ಸಿಕ್ಕಿದೆ.

ಮಕ್ಕಳನ್ನು ತಟ್ಟೆಗೆ ಎತ್ತಿಡಲು ಪಳಗಿದ ಕೈ ಬೇಕಿತ್ತು. ದಿವಂಗತರನ್ನು ನೇಮಿಸಿಕೊಳ್ಳುವುದಕ್ಕೆ ನಿಯಮದಲ್ಲಿ ಎಲ್ಲೂ ಅಡ್ಡಿ ಇರಲಿಲ್ಲ; ಯಾರಿಗೂ ಅದನ್ನು ಬರೆಯಲು ತೋಚಿರಲಿಲ್ಲವಂತೆ. ಅಜ್ಜಿಗೆ ತಕ್ಕಡಿಯ ಪಕ್ಕ ಒಂದು ಕುರ್ಚಿ ಹಾಕಿಕೊಟ್ಟಿದ್ದಾರೆ, ಫಲಕದ ಕೆಳಗೇ. ಒಮ್ಮೆ ಅವರು, "ನಾನು ನಿಜವಾಗ್ಲೂ ಹೋದ್ರೆ ಏನು ಮಾಡ್ಬೇಕಪ್ಪ?" ಎಂದು ಸಾಹೇಬರನ್ನು ಕೇಳಿದ್ದರು. ಸಾಹೇಬರು ಯೋಚಿಸಿ, ಹಿಂದಿನ ದಿನವೇ ರಜೆ ಚೀಟಿ ಕೊಟ್ಟರೆ ಸಾಕು ಎಂದರು. ಅಜ್ಜಿ ಚೀಟಿ ಬರೆದು, ತಾರೀಖಿನ ಜಾಗ ಖಾಲಿ ಬಿಟ್ಟು, ನನ್ನ ಕೈಗೆ ಕೊಟ್ಟಿದ್ದಾರೆ. ನಾನದನ್ನು ಮೇಜಿನ ಡ್ರಾಯರಿನ ಒಳಗೆ, ಕೈಗೆ ಬೇಗ ಸಿಗದ ಹಾಗೆ, ತಳದಲ್ಲಿ ಇಟ್ಟಿದ್ದೇನೆ.

ನಿನ್ನೆ ಗುರುವಾರ. ಹೊಸದಾಗಿ ಊರಿಗೆ ಬಂದ ಹುಡುಗಿಯೊಬ್ಬಳು ಕೂಸನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲವಂತೆ, ಮುಖದಲ್ಲಿ ಗಾಬರಿ ಇತ್ತು.

"ಇಲ್ಲಿ ಒಬ್ಬರು ಅಜ್ಜಿ ತೂಕ ನೋಡ್ತಾರಂತೆ. ಇದ್ದಾರಾ?"

"ದಿವಂಗತರು ಬುಧವಾರ ಮಾತ್ರ ಸಿಗ್ತಾರಮ್ಮ," ಎಂದೆ. ಆಮೇಲೆ ಅವಳ ಮುಖ ನೋಡಿ, ಅಜ್ಜಿಯ ಮನೆಗೆ ಹೇಳಿಕಳಿಸಿದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಉಚಿತ ಪ್ರವೇಶದ ಪುಸ್ತಕದಲ್ಲಿ ಸಹಿ ಹಾಕಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದರು.